ಧೂಳಿನ ಸಮೇತ ಮಾರಿದ ಫೆರಾರಿ

ಪ್ರಶ್ನೆ: 2015ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಹಳೇ ಫೆರಾರಿ ಧೂಳು ಕೂಡ ಒರೆಸದೆ ಹರಾಜಿಗೆ ಬಂದು ಕೋಟಿಗಟ್ಟಲೆ ಯೂರೋಗೆ ಹೋಯಿತು ಎಂದು ಓದಿದೆ. ಫ್ರೆಂಚ್ ನಟ ಅಲೆನ್ ಡೆಲಾನ್ ಇಟ್ಟುಕೊಂಡಿದ್ದ ಕಾರಂತೆ. ಅದು ಅವರದ್ದೇ ಎಂದು ಹೇಗೆ ನಂಬುತ್ತಾರೆ? ಇಂಥ ಕಾರನ್ನು ಕೊಂಡವರು ಪೂರ್ತಿ ಹೊಸದಾಗಿ ಮಾಡಿಸಬೇಕಾ, ಇದ್ದ ಹಾಗೇ ಬಿಡಬೇಕಾ? ನಮ್ಮ ಕೊಟ್ಟಿಗೆಯಲ್ಲೂ ಅಜ್ಜನ 1964ರ ಫಿಯಟ್ 1100 ನಿಂತಿದೆ. ಅದಕ್ಕೇ ಕೇಳುತ್ತಿದ್ದೇನೆ.
– ಓದುಗರು, ಹಾಸನ

ಉತ್ತರ: ನೀವು ಓದಿದ್ದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಬಗ್ಗೆ. ಬಟ್ಟೆಯ ಮಡಚು ಚಾವಣಿಯ, ಎರಡೇ ಸೀಟಿನ ಕಾರು. ಅಮೆರಿಕದ ಗಿರಾಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದರಿಂದ ಆ ಹೆಸರು. ಉದ್ದ ಚಾಸಿಯವು (ಚಾಸಿ ಎಂದರೆ ಕಾರಿನ ಅಡಿಯ ಫ್ರೇಮು) 50, ಗಿಡ್ಡ ಚಾಸಿಯವು 56, ಒಟ್ಟು 106 ಕಾರು ಮಾತ್ರ ತಯಾರಾದವು. ಪ್ಯಾರಿಸ್‌ನಲ್ಲಿ ಮಾರಿದ್ದು ಗಿಡ್ಡ ಚಾಸಿಯದು, ಹೆಡ್‌ಲೈಟಿಗೆ ಪಾರದರ್ಶಕ ಮುಚ್ಚಳ ಇರುವ 37 ಕಾರುಗಳಲ್ಲಿ ಒಂದು. ಚಾಸಿ ನಂಬರ್ 2935ಜಿಟಿ.

ಕೈ ಬದಲಾದ ಕಥೆ ಹೀಗಿದೆ. 1961ರ ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಇದೇ ಕಾರು ನಿಂತಿತ್ತು. ಮೊದಲು ಕೊಂಡವರು ನಟ ಜೆರಾರ್ ಬ್ಲೆನ್. ಅವರಿಂದ ಡೆಲಾನ್ ಕೈಗೆ ಬಂತು. ನಟಿಯರಾದ ಜೇನ್ ಫೋಂಡಾ, ಶೆರ್ಲಿ ಮೆಕ್ಲೇನ್ ಜೊತೆ ಡೆಲಾನ್ ಇದರಲ್ಲಿ ಕೂತ ಫೋಟೋಗಳಿವೆ. ಆಮೇಲೆ ಅವರು ಅದನ್ನು ಮಾರಿದರು. 70ರ ದಶಕದ ಶುರುವಿನಲ್ಲಿ ಅದು ಬಯೋನ್ ಕುಟುಂಬಕ್ಕೆ ಸೇರಿತು.

ರೋಜರ್ ಬಯೋನ್ ಪಶ್ಚಿಮ ಫ್ರಾನ್ಸ್‌ನಲ್ಲಿ ಲಾರಿ ಸಾಗಣೆ ವ್ಯವಹಾರ ಮಾಡುತ್ತಿದ್ದವರು. 50ರ ದಶಕದಿಂದ ಹಳೇ ಕಾರು ಕೂಡಿಹಾಕಿದರು. ಒಂದೊಂದನ್ನೂ ಸರಿ ಮಾಡಿಸಿ ಮ್ಯೂಸಿಯಂ ಕಟ್ಟಬೇಕು ಎನ್ನುವುದು ಅವರ ಆಸೆ. ಆದರೆ 70ರ ದಶಕದಲ್ಲಿ ವ್ಯವಹಾರ ಕೈಕೊಟ್ಟಿತು. 1979ರಲ್ಲಿ, 1985ರಲ್ಲಿ ಸುಮಾರು ಐವತ್ತು ಕಾರು ಮಾರಬೇಕಾಯಿತು. ಉಳಿದವು ತಗಡಿನ ಚಪ್ಪರದ ಕೆಳಗೆ ನಿಂತೇಬಿಟ್ಟವು, ಬಳ್ಳಿ ಹಬ್ಬಿ, ತುಕ್ಕು ತಿಂದು. 2014ರಲ್ಲಿ ಆರ್ಟ್‌ಕ್ಯುರಿಯಲ್ ಹರಾಜು ಸಂಸ್ಥೆಯವರು ಹೋಗಿ ನೋಡಿದಾಗ ಸುಮಾರು ಅರವತ್ತು ಕಾರು ಸಿಕ್ಕವು. ಈ ಫೆರಾರಿ ಮಾತ್ರ ಗ್ಯಾರೇಜಿನ ಒಳಗೆ, ಅಪರೂಪದ ಒಂದು ಮಸೆರಾಟಿಯ ಪಕ್ಕ, ಹಳೇ ಪತ್ರಿಕೆಗಳ ಕಟ್ಟಿನ ಕೆಳಗೆ ಮುಚ್ಚಿಕೊಂಡಿತ್ತು. ಗೋಡೆ, ಚಾವಣಿ ಎರಡೂ ಇದ್ದಿದ್ದೇ ಅದರ ಪುಣ್ಯ. ಹೊರಗೆ ನಿಂತವುಗಳಿಗೆ ಆ ಭಾಗ್ಯ ಇರಲಿಲ್ಲ. ಬಯೋನ್ ಅವರ ಮ್ಯೂಸಿಯಂ ಕನಸು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

2015ರ ಫೆಬ್ರುವರಿಯಲ್ಲಿ ಹರಾಜಾಯಿತು. ಅಂದಾಜು ಬೆಲೆ 95 ಲಕ್ಷದಿಂದ 1.2 ಕೋಟಿ ಯೂರೋ ಇತ್ತು. ಕಮಿಷನ್ ಸೇರಿ ಸುಮಾರು 1.63 ಕೋಟಿ ಯೂರೋಗೆ ಹೋಯಿತು.

ಈಗ ನಿಮ್ಮ ಮೊದಲ ಪ್ರಶ್ನೆ. ನಟನ ಫೋಟೋ ಒಂದೇ ಇದ್ದರೆ ಸಾಕಾಗುವುದಿಲ್ಲ. ಒಂದೇ ಬಣ್ಣದ ಎರಡು ಕಾರು ಇರಬಹುದಲ್ವಾ? ಫೋಟೋದಲ್ಲಿ ಕಾಣುವ ನಂಬರ್ ಪ್ಲೇಟನ್ನು ಆ ಕಾಲದ ನೋಂದಣಿ ದಾಖಲೆಯ ಜೊತೆ ತಾಳೆ ನೋಡಬೇಕು. ದಾಖಲೆಯಲ್ಲಿ ಚಾಸಿ ನಂಬರ್ ಇರುತ್ತದೆ. ಅದನ್ನು ಕಾರಿನ ಫ್ರೇಮಿನ ಮೇಲೆ ಕುಟ್ಟಿದ ನಂಬರ್ ಜೊತೆ ನೋಡಬೇಕು. ಆ ಕಾಲದ 250 ಜಿಟಿಗಳಲ್ಲಿ ಎಂಜಿನ್ನಿಗೂ ಚಾಸಿಯದ್ದೇ ನಂಬರ್. ಇದಲ್ಲದೆ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೇಲೆ ಫೆರಾರಿಯವರು ತಮ್ಮ ಒಳಲೆಕ್ಕದ ಬೇರೆ ನಂಬರುಗಳನ್ನೂ ಒತ್ತುತ್ತಿದ್ದರು. ಅವು ಕಾರ್ಖಾನೆಯಲ್ಲಿ ಕಾರು ಕಟ್ಟುವಾಗ ಬರೆದ ಹಾಳೆಯಲ್ಲಿ ಸಿಗುತ್ತವೆ. ಇಷ್ಟೂ ಒಂದಕ್ಕೊಂದು ಕೂಡಿಕೊಂಡರೆ ಸರಪಳಿ ಗಟ್ಟಿ. ನಡುವೆ ಒಂದು ಕೊಂಡಿ ತಪ್ಪಿದರೂ ಬೆಲೆ ಬಿದ್ದುಹೋಗುತ್ತದೆ. ಡೆಲಾನ್ ಹೆಸರಿನಿಂದ ಬೆಲೆ ಏರಿದ್ದು ನಿಜ. ಆದರೂ ಹೆಚ್ಚು ದುಡ್ಡು ಹೋಗಿದ್ದು ಆ ಕಾರನ್ನು ಯಾರೂ ಬಿಚ್ಚಿ ಕೆಡಿಸಿರಲಿಲ್ಲ ಎನ್ನುವುದಕ್ಕೇ ಎಂದು ನನ್ನ ನಂಬಿಕೆ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ನೇರ. ಪೂರ್ತಿ ಹೊಸದು ಮಾಡಿಸಬಾರದು.

ಯಾಕೆ ಅಂತೀರಾ? ಈ ಕಾರಿನ ಮೈ ತಯಾರಾಗಿದ್ದು ಇಟಲಿಯ ಮೊಡೆನಾದಲ್ಲಿ, ಕಾರಿನ ಮೈ ಕಟ್ಟುವ ಸ್ಕಾಲಿಯೆಟ್ಟಿಯವರ ಶೆಡ್ಡಿನಲ್ಲಿ. ತಗಡನ್ನು ಕೈಯಲ್ಲಿ ಬಡಿದು ಬಾಗಿಸುತ್ತಿದ್ದರು. ಅದಕ್ಕೇ ಎಡಗಡೆಗೂ ಬಲಗಡೆಗೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತಿತ್ತು. ಇವತ್ತಿನ ಒಳ್ಳೇ ಟಿಂಕರ್ ಅದನ್ನು ಕಂಡರೆ ಸುಮ್ನೆ ಬಿಡುವುದಿಲ್ಲ, ಪುಟ್ಟಿ ಹಚ್ಚಿ ಎರಡೂ ಕಡೆ ಸಮ ಮಾಡುತ್ತಾನೆ. ಕಾರು ಚೆಂದ ಕಾಣುತ್ತದೆ. ಆದರೆ 1961ರ ಕೈಗುರುತು ಅಳಿಸಿಹೋಯಿತು. ಬಣ್ಣವೂ ಹಾಗೇ. ಕೆರೆದು ತೆಗೆದ ಮೇಲೆ ಮೂಲ ಬಣ್ಣ ಯಾವುದಿತ್ತು, ಎಲ್ಲಿ ರಿಪೇರಿಯಾಗಿತ್ತು ಎನ್ನುವ ಸಾಕ್ಷಿ ಹೋಯಿತು. ನಾನೂ ಶುರುವಿನಲ್ಲಿ ಒಂದು ಕಾರಿನ ಬಾಗಿಲ ಒಳಗಿದ್ದ ಸೀಮೆಸುಣ್ಣದ ಬರಹವನ್ನು ಕೊಳೆ ಎಂದು ಒರೆಸಿಹಾಕಿದ್ದೆ. ಅದು ಕಾರ್ಖಾನೆಯ ಕೆಲಸಗಾರನ ಅಕ್ಷರ ಎಂದು ಆಮೇಲೆ ಗೊತ್ತಾಯಿತು. ಇವತ್ತಿಗೂ ಆ ಬೇಸರ ಹೋಗಿಲ್ಲ.

ಹಾಗಂತ ಏನನ್ನೂ ಮುಟ್ಟಬೇಡಿ ಎಂದಲ್ಲ. ಜೀವಕ್ಕೆ ಸಂಬಂಧಪಟ್ಟಿದ್ದನ್ನು ಬದಲಿಸಲೇಬೇಕು. ಟಯರ್, ಬ್ರೇಕಿನ ರಬ್ಬರ್, ಪೆಟ್ರೋಲ್ ಪೈಪು ಹಳೆಯದೇ ಇರಲಿ ಎನ್ನುವುದು ಹುಚ್ಚುತನ. ತೆಗೆದದ್ದನ್ನು ಮಾತ್ರ ಎಸೆಯಬಾರದು. ಚೀಟಿ ಬರೆದು ಎತ್ತಿಡಬೇಕು. ತುಕ್ಕು ಹರಡುತ್ತಿದ್ದರೆ ನಿಲ್ಲಿಸಬೇಕು. ಈ ಕಾರುಗಳ ಮೈ ಉಕ್ಕಿನದು. ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಮಾತ್ರ ಅಲ್ಯೂಮಿನಿಯಂ. ಎರಡು ಲೋಹ ತಾಗುವ ಜಾಗದಲ್ಲಿ ತೇವ ನಿಂತರೆ ಅಲ್ಯೂಮಿನಿಯಂ ಪುಡಿಪುಡಿಯಾಗುತ್ತದೆ. ಮೊದಲು ನೋಡಬೇಕಾದ್ದು ಅಲ್ಲಿ. ಸೀಟಿನ ಚರ್ಮ ಒಡೆದಿದ್ದರೆ ಒಳಗಿನಿಂದ ತೇಪೆ ಕೊಟ್ಟು ಉಳಿಸಿಕೊಳ್ಳಬಹುದು.

ಎಂಜಿನ್ ವಿಷಯದಲ್ಲಿ ಆತುರ ಬೇಡವೇ ಬೇಡ. ಇದರದ್ದು ಕೊಲಂಬೊ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ 12 ಸಿಲಿಂಡರಿನ, 2953 ಸಿಸಿ ಎಂಜಿನ್. ದಶಕಗಟ್ಟಲೆ ನಿಂತದ್ದಕ್ಕೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದರೆ ಅಂಟಿಕೊಂಡ ಪಿಸ್ಟನ್ ರಿಂಗು ಮುರಿಯಬಹುದು, ಬೋರ್ (ಸಿಲಿಂಡರಿನ ಒಳಗೋಡೆ) ಗೀರಿಹೋಗಬಹುದು. ಎಲ್ಲಾ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಸ್ಪ್ಯಾನರ್ ಹಾಕಿ ಕೈಯಲ್ಲಿ ನಿಧಾನಕ್ಕೆ ತಿರುಗಿಸಬೇಕು. ತಿರುಗದಿದ್ದರೆ ಬಲ ಹಾಕದೆ ಬಿಚ್ಚಿ ನೋಡುವುದೇ ಸರಿ.

ನಿಮ್ಮ ಅಜ್ಜನ ಫಿಯಟ್‌ಗೂ ಇದೇ ಮಾತು ಅನ್ವಯಿಸುತ್ತದೆ. ಎಂಜಿನ್ನಿಗೆ ಎಣ್ಣೆ ಬಿಡಿ, ಹಳೇ ಪೆಟ್ರೋಲ್ ಟ್ಯಾಂಕಿನಿಂದ ಖಾಲಿ ಮಾಡಿಸಿ, ಬ್ರೇಕ್ ಪೂರ್ತಿ ನೋಡಿಸಿ. ಆರ್‌ಸಿ ಬುಕ್, ಹಳೇ ತೆರಿಗೆ ರಸೀದಿ, ಇನ್ಶೂರೆನ್ಸ್ ಪತ್ರ, ಅಜ್ಜ ಕಾರಿನ ಜೊತೆ ನಿಂತ ಫೋಟೋ, ಎಲ್ಲ ಒಂದೇ ಕಡೆ ಕೂಡಿಡಿ. ನಮ್ಮಲ್ಲಿ 2021ರಲ್ಲಿ ವಿಂಟೇಜ್ ವಾಹನಗಳಿಗೆ ಕೇಂದ್ರದ ನಿಯಮ ಬಂದಿದೆ. 50 ವರ್ಷ ದಾಟಿದ ಕಾರುಗಳು ಅದರಡಿ ಬರುತ್ತವೆ. ಆದರೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು ಎಂಬ ಷರತ್ತಿದೆ. ಹಾಗಾಗಿ ಯಾರಾದರೂ ಡೀಸೆಲ್ ಎಂಜಿನ್ ಕೂರಿಸಿಕೊಡುತ್ತೇನೆ ಎಂದರೆ ಬೇಡ ಎನ್ನಿ. ಪೇಂಟಿಂಗಿಗೆ ಕೊಡುವ ಮೊದಲು ಟಾರ್ಚ್ ಹಿಡಿದು ಬಾಗಿಲ ಸಂದು, ಡಿಕ್ಕಿಯ ಒಳಗು, ಸೀಟಿನ ಅಡಿ ಎಲ್ಲದರ ಫೋಟೋ ತೆಗೆದು ನನಗೆ ಕಳುಹಿಸಿ. ಮೂಲ ಬಣ್ಣ ಎಲ್ಲಾದರೂ ಉಳಿದಿದೆಯೇ ನೋಡೋಣ.