ಬೆನ್ನಿಗೋ, ಹೊಟ್ಟೆಗೋ? ಪಿತ್ತಕೋಶದ ಆಪರೇಷನ್ ನಂತರದ ನೋವಿಗೆ ಯಾವ ಬ್ಲಾಕ್

ಪ್ರಶ್ನೆ: ಡಾಕ್ಟ್ರೇ, ನಮ್ಮ ಅತ್ತೆಗೆ 61 ವರ್ಷ. ಪಿತ್ತಕೋಶದಲ್ಲಿ ಕಲ್ಲಿದೆ, ಮುಂದಿನ ತಿಂಗಳು ಲ್ಯಾಪ್ರೋಸ್ಕೋಪಿ ಮಾಡಿ ತೆಗೆಯಬೇಕು ಅಂದಿದ್ದಾರೆ. ಅವರಿಗೆ ಶುಗರ್ ಇದೆ, ಕಿಡ್ನಿಯೂ ಸ್ವಲ್ಪ ವೀಕ್. ಹೋದ ವರ್ಷ ನನ್ನ ಅಕ್ಕನಿಗೆ ಇದೇ ಆಪರೇಷನ್ ಆದಾಗ ಹೊಟ್ಟೆಯ ಎರಡೂ ಕಡೆ ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು, ಟ್ಯಾಪ್ ಬ್ಲಾಕ್ ಅಂತೆ. ಈ ಆಸ್ಪತ್ರೆಯವರು ಬೆನ್ನಿಗೆ ಕೊಡುತ್ತೇವೆ, ಅದೇ ಒಳ್ಳೆಯದು ಅನ್ನುತ್ತಿದ್ದಾರೆ. ಬೆನ್ನಿಗೆ ಅಂದ ಕೂಡಲೇ ಅತ್ತೆ ಹೆದರಿ ಆಪರೇಷನ್ನೇ ಬೇಡ ಅಂತ ಕೂತಿದ್ದಾರೆ. ಯಾವುದು ಒಳ್ಳೆಯದು?
– ಗೃಹಿಣಿ, ಹಾಸನ

ಉತ್ತರ: ಮೊದಲು ಅತ್ತೆಯವರ ಹೆದರಿಕೆ ವಿಷಯ. ಬೆನ್ನಿಗೆ ಇಂಜೆಕ್ಷನ್ ಅಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಸಿಸೇರಿಯನ್‌ಗೆ ಕೊಡುವ ಸ್ಪೈನಲ್. ಇದು ಅದಲ್ಲ. ಸ್ಪೈನಲ್‌ನಲ್ಲಿ ಸೂಜಿ ಬೆನ್ನುಮೂಳೆಯ ಒಳಗಿನ ನೀರಿನವರೆಗೆ ಹೋಗುತ್ತದೆ, ಇದರಲ್ಲಿ ಅಷ್ಟು ಒಳಗೆ ಹೋಗುವುದೇ ಇಲ್ಲ. ಬ್ಲಾಕ್ ಅಂದರೆ ನೋವು ಒಯ್ಯುವ ನರಗಳನ್ನು ಕೆಲವು ಗಂಟೆ ಮರಗಟ್ಟಿಸುವ ಇಂಜೆಕ್ಷನ್. ಅವರು ಹೇಳಿರುವುದು ಬಹುಶಃ ಇಎಸ್‌ಪಿ ಬ್ಲಾಕ್, ಅಂದರೆ ಇರೆಕ್ಟರ್ ಸ್ಪೈನೀ ಪ್ಲೇನ್ ಬ್ಲಾಕ್. ಬೆನ್ನುಮೂಳೆಯ ಎರಡೂ ಪಕ್ಕ ಉದ್ದಕ್ಕೂ ಹಗ್ಗದ ಹಾಗೆ ಕೈಗೆ ಸಿಗುವ ಸ್ನಾಯು ಇದೆಯಲ್ಲ, ಅದರ ಅಡಿಯಲ್ಲಿ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಕಾಲು ಸ್ವಾಧೀನ ತಪ್ಪುವುದಿಲ್ಲ, ಸ್ಪೈನಲ್ ನಂತರ ಬರುವಂಥ ತಲೆನೋವೂ ಇರುವುದಿಲ್ಲ. ಇದನ್ನು ಅವರಿಗೆ ಕೂರಿಸಿಕೊಂಡು ಹೇಳಿ. ನೀವು ಹೇಳಿದರೂ ಒಪ್ಪದಿದ್ದರೆ ಅರಿವಳಿಕೆ ಡಾಕ್ಟರ ಬಾಯಿಂದಲೇ ಹೇಳಿಸಿ.

ಈಗ ಯಾವುದು ಒಳ್ಳೆಯದು ಅನ್ನುವುದಕ್ಕೆ ಬರೋಣ. ಅದಕ್ಕೆ ಮೊದಲು ನೋವು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಬೇಕು. ಈ ಆಪರೇಷನ್‌ನಲ್ಲಿ ನೋವು ಒಂದೇ ಅಲ್ಲ, ಮೂರು ಥರ. ಒಂದು, ತೂತುಗಳ ನೋವು. ಸಾಮಾನ್ಯವಾಗಿ ನಾಲ್ಕು ತೂತು ಮಾಡುತ್ತಾರೆ: ಹೊಕ್ಕುಳ ಹತ್ತಿರ ಒಂದು, ಎದೆಮೂಳೆಯ ಕೆಳಗೆ ಒಂದು, ಬಲ ಪಕ್ಕೆಯ ಕೆಳಗೆ ಎರಡು. ಎರಡನೆಯದು ಒಳಗಿನ ನೋವು, ಪಿತ್ತಕೋಶವನ್ನು ಲಿವರ್‌ನಿಂದ ಬಿಡಿಸಿದ ಜಾಗದ್ದು. ಮೂರನೆಯದು ಭುಜದ ನೋವು. ಅದರ ಬಗ್ಗೆ ಮುಂದೆ ಹೇಳುತ್ತೇನೆ, ಶಿವಮೊಗ್ಗದ ಓದುಗರೊಬ್ಬರು ಅದನ್ನೇ ಕೇಳಿದ್ದಾರೆ.

ಟ್ಯಾಪ್ ಬ್ಲಾಕ್ ತೂತುಗಳ ನೋವಿಗೆ. ಹೊಟ್ಟೆಯ ಗೋಡೆಯಲ್ಲಿ ಸ್ನಾಯುಗಳು ಪದರ ಪದರವಾಗಿವೆ, ನರಗಳು ಆ ಪದರಗಳ ನಡುವೆ ಹಾದು ಬರುತ್ತವೆ. ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡಿಕೊಂಡು ಸೂಜಿ ಇಳಿಸುತ್ತೇವೆ. ಸೂಜಿ ಬೆಳ್ಳಗಿನ ಗೆರೆಯ ಹಾಗೆ ಕಾಣುತ್ತದೆ. ತುದಿ ಸರಿಯಾದ ಜಾಗಕ್ಕೆ ಬಂದಾಗ ಒಂದೆರಡು ಮಿಲಿ ಔಷಧಿ ಬಿಟ್ಟರೆ ಅಂಟಿಕೊಂಡಿದ್ದ ಎರಡು ಪದರ ಬೇರೆಯಾಗಿ, ನಡುವೆ ಕಪ್ಪಗೆ ಕಣ್ಣಿನ ಆಕಾರದಲ್ಲಿ ಬಿಚ್ಚಿಕೊಳ್ಳುತ್ತದೆ. ಸಾವಿರ ಸಲ ನೋಡಿದರೂ ಆ ಕ್ಷಣ ನನಗೆ ಖುಷಿ ಕೊಡುತ್ತದೆ. ಪದರ ಬಿಚ್ಚದೆ ಸ್ನಾಯುವೇ ಊದಿಕೊಂಡರೆ ಸೂಜಿ ತಪ್ಪಿದೆ ಅಂತ ಅರ್ಥ, ಸರಿಸಬೇಕು.

ಇಲ್ಲಿ ಒಂದು ಮುಖ್ಯ ವಿಷಯ ಇದೆ. 2001ರಲ್ಲಿ ಮೊದಲು ಬಂದ ಟ್ಯಾಪ್ ಬ್ಲಾಕ್ ಸೊಂಟದ ಮೇಲೆ, ಪಕ್ಕದಿಂದ ಕೊಡುವಂಥದ್ದು. ಅದು ಹೊಕ್ಕುಳಿಂದ ಕೆಳಗಿನ ಭಾಗಕ್ಕೆ ಚೆನ್ನಾಗಿ ಹಿಡಿಯುತ್ತದೆ, ಸಿಸೇರಿಯನ್‌ಗೆ, ಹರ್ನಿಯಾಗೆ ಸರಿ. ಪಿತ್ತಕೋಶದ ತೂತುಗಳು ಇರುವುದು ಮೇಲೆ. ಹಾಗಾಗಿ ಇದಕ್ಕೆ ಪಕ್ಕೆಲುಬಿನ ಅಂಚಿನ ಕೆಳಗೇ ಕೊಡುವ ಸಬ್‌ಕೋಸ್ಟಲ್ ಟ್ಯಾಪ್ ಬೇಕು. ಸುಮ್ನೆ ಟ್ಯಾಪ್ ಕೊಟ್ಟರು, ಏನೂ ಪ್ರಯೋಜನ ಆಗಲಿಲ್ಲ ಅನ್ನುವವರಲ್ಲಿ ಕೆಲವರಿಗೆ ಕೊಟ್ಟ ಜಾಗವೇ ಬೇರೆ ಇದ್ದಿರಬಹುದು.

ಇಎಸ್‌ಪಿ ಹೊಸದು, 2016ರಲ್ಲಿ ಬಂದದ್ದು. ಇಲ್ಲಿ ನರವನ್ನು ಹೊಟ್ಟೆಯವರೆಗೆ ಬರಲು ಬಿಡದೆ ಬೆನ್ನಿನ ಹತ್ತಿರವೇ ಹಿಡಿಯುತ್ತಾರೆ. ಔಷಧಿ ಇನ್ನೂ ಸ್ವಲ್ಪ ಮುಂದೆ ಹರಡಿದರೆ ಒಳಗಿನ ನೋವೂ ಒಂದಿಷ್ಟು ತಗ್ಗಬಹುದು ಅನ್ನುವ ಲೆಕ್ಕ. ಟ್ಯಾಪ್‌ನಲ್ಲಿ ಆ ಅನುಕೂಲ ಇಲ್ಲ. ಎರಡನ್ನೂ ಹೋಲಿಸಿದ ಕೆಲವು ಅಧ್ಯಯನಗಳಲ್ಲಿ ಇಎಸ್‌ಪಿ ಪಡೆದವರಿಗೆ ಮೊದಲ ದಿನ ಟ್ರಾಮಡಾಲ್, ಮಾರ್ಫಿನ್ ಥರದ ಜೋರು ನೋವಿನ ಔಷಧಿ ಕಡಿಮೆ ಸಾಕಾಗಿದೆ. ಇನ್ನು ಕೆಲವದರಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಔಷಧಿ ಎಷ್ಟು ದೂರ ಹರಡುತ್ತದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ, ಅದೂ ಒಂದು ಕಾರಣ ಇರಬಹುದು. ಇಎಸ್‌ಪಿಗೆ ರೋಗಿಯನ್ನು ಕೂರಿಸಬೇಕು ಇಲ್ಲವೇ ಮಗ್ಗುಲಾಗಿಸಬೇಕು. ಟ್ಯಾಪ್‌ಗೆ ಅಂಗಾತ ಮಲಗಿದ್ದರೆ ಸಾಕು, ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೂ ಸುಲಭವಾಗಿ ಕೊಡಬಹುದು. ಸೊಂಟದ ಹಿಂದಿನಿಂದ ಕೊಡುವ ಕ್ಯೂಎಲ್ ಬ್ಲಾಕ್ ಅಂತಲೂ ಒಂದಿದೆ, ಅದರಲ್ಲಿ ಕೆಲವರಿಗೆ ಕೆಲವು ಗಂಟೆ ಕಾಲು ಬಲ ಕಡಿಮೆ ಆಗುತ್ತದೆ. ಅದೇ ದಿನ ಎದ್ದು ಓಡಾಡಬೇಕಾದ ಈ ಆಪರೇಷನ್‌ಗೆ ಅದು ನನ್ನ ಮೊದಲ ಆಯ್ಕೆ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಒತ್ತಿ ಹೇಳುವುದು ಬೇರೆ. ಬ್ಲಾಕ್ ಎಲ್ಲರಿಗೂ ಬೇಕಾಗಿಲ್ಲ. ಯುರೋಪಿನ ಪ್ರಾಸ್ಪೆಕ್ಟ್ ಅನ್ನುವ ತಜ್ಞರ ತಂಡ ಈ ಆಪರೇಷನ್‌ಗೆ ಮೊದಲು ಹೇಳುವುದು ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಥರದ ಊತ ಇಳಿಸುವ ಔಷಧಿ, ಜೊತೆಗೆ ಸರ್ಜನ್ ತೂತುಗಳಿಗೇ ಹಾಕುವ ಮರಗಟ್ಟಿಸುವ ಇಂಜೆಕ್ಷನ್. ಇದನ್ನು ಸರಿಯಾಗಿ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಹೆಚ್ಚಿನವರಿಗೆ ಸಾಕು. ಬ್ಲಾಕ್ ಎರಡನೇ ಸಾಲಿನಲ್ಲಿ ಬರುತ್ತದೆ.

ನಿಮ್ಮ ಅತ್ತೆಯವರ ವಿಷಯದಲ್ಲಿ ಮಾತ್ರ ನಾನು ಬ್ಲಾಕ್ ಪರ. ಕಿಡ್ನಿ ವೀಕ್ ಇದ್ದರೆ ಡೈಕ್ಲೋಫೆನಾಕ್ ಥರದ್ದು ಕೊಡುವ ಹಾಗಿಲ್ಲ. ಅದು ತಪ್ಪಿದರೆ ಉಳಿಯುವುದು ಟ್ರಾಮಡಾಲ್ ಥರದ್ದು, ಅದರಿಂದ ವಾಂತಿ, ತಲೆಸುತ್ತು, ಮಂಪರು ಜಾಸ್ತಿ. ಬ್ಲಾಕ್ ಆ ಜಾಗ ತುಂಬುತ್ತದೆ. ಬೆನ್ನಿನದೋ ಹೊಟ್ಟೆಯದೋ ಅನ್ನುವುದಕ್ಕಿಂತ ಅಲ್ಲಿನ ಅರಿವಳಿಕೆ ಡಾಕ್ಟರ ಕೈ ಯಾವುದರಲ್ಲಿ ಪಳಗಿದೆ ಅನ್ನುವುದು ಮುಖ್ಯ. ಅವರು ದಿನಾ ಇಎಸ್‌ಪಿ ಕೊಡುವವರಾದರೆ ಅದೇ ಆಗಲಿ. ಅತ್ತೆಗೆ ಬೆನ್ನು ಬೇಡವೇ ಬೇಡ ಅಂದರೆ ಸಬ್‌ಕೋಸ್ಟಲ್ ಟ್ಯಾಪ್ ಕೇಳಿ, ಬಲವಂತ ಮಾಡಬೇಡಿ. ಆಪರೇಷನ್‌ಗೆ ಮುಂಚಿನ ಅರಿವಳಿಕೆ ತಪಾಸಣೆಗೆ ಹೋಗುವಾಗ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಮತ್ತು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಶೀಟುಗಳನ್ನೇ ತೆಗೆದುಕೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಬಾಯಿಬಿಟ್ಟು ಹೇಳಿ. ಅವರ ತೂಕವನ್ನೂ ನೋಡಬೇಕು, ಯಾಕೆಂದರೆ ಬ್ಲಾಕ್ ಔಷಧಿಗೆ ತೂಕದ ಲೆಕ್ಕದಲ್ಲಿ ಮಿತಿ ಇದೆ. ಎರಡೂ ಕಡೆ ಕೊಡುವಾಗ ತೂತುಗಳಿಗೆ ಹಾಕಿದ್ದೂ ಸೇರಿ ಆ ಮಿತಿ ದಾಟಬಾರದು.

ಪ್ರಶ್ನೆ: ಪಿತ್ತಕೋಶ ತೆಗೆಸಿದ ಮಾರನೇ ದಿನ ಹೊಟ್ಟೆಗಿಂತ ಬಲ ಭುಜವೇ ಜಾಸ್ತಿ ನೋಯಿತು. ಬ್ಲಾಕ್ ಕೊಟ್ಟಿದ್ದರೂ ಹೀಗಾಯಿತು. ಹಾರ್ಟ್ ತೊಂದರೆ ಅಂತ ರಾತ್ರಿಯೆಲ್ಲ ಭಯ. ಯಾಕೆ ಹೀಗೆ?
– ಓದುಗರು, ಶಿವಮೊಗ್ಗ

ಉತ್ತರ: ಆಪರೇಷನ್ ಮಾಡುವಾಗ ಜಾಗ ಕಾಣಲಿ ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬುತ್ತಾರೆ. ಅದು ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವನ್ನು, ಕೆಣಕುತ್ತದೆ. ವಪೆಯ ನರ ಹುಟ್ಟುವುದು ಕುತ್ತಿಗೆಯಲ್ಲಿ, ಭುಜದ ಚರ್ಮದ ನರಗಳೂ ಅಲ್ಲಿಂದಲೇ. ಹಾಗಾಗಿ ನೋವು ವಪೆಯದ್ದಾದರೂ ಮೆದುಳಿಗೆ ಭುಜದ್ದು ಅನ್ನಿಸುತ್ತದೆ. ಹೊಟ್ಟೆಗೆ ಕೊಟ್ಟ ಬ್ಲಾಕ್ ಕುತ್ತಿಗೆಯ ನರಕ್ಕೆ ಮುಟ್ಟುವುದಿಲ್ಲ, ನಿಮಗೆ ಕೊಟ್ಟದ್ದು ಕೆಟ್ಟಿತ್ತು ಅಂತಲ್ಲ. ಕಡಿಮೆ ಒತ್ತಡದ ಗ್ಯಾಸಿನಲ್ಲಿ ಕೆಲಸ ಮುಗಿಸಿ, ಕೊನೆಗೆ ಉಳಿದ ಗ್ಯಾಸ್ ಚೆನ್ನಾಗಿ ಹೊರಗೆ ಬಿಟ್ಟರೆ ಇದು ಕಡಿಮೆಯಾಗುತ್ತದೆ. ಎದ್ದು ಓಡಾಡಿ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಆದರೆ ಎದೆ ಹಿಂಡಿದ ಹಾಗೆ ಆಗಿ ಬೆವರು, ಉಸಿರಾಟದ ತೊಂದರೆ ಇದ್ದರೆ ಗ್ಯಾಸ್ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬ್ಲಾಕ್ ಕೊಟ್ಟರೆ ಮತ್ತೆ ನೋವಿನ ಮಾತ್ರೆ ಯಾಕೆ? ನನ್ನ ತಮ್ಮ ನೋವೇ ಇಲ್ಲ ಅಂತ ಸಂಜೆ ಮಾತ್ರೆ ಬಿಟ್ಟ, ರಾತ್ರಿ ಎರಡು ಗಂಟೆಗೆ ಅಳುವ ಹಾಗಾಯಿತು.
– ಓದುಗರು, ಬಾಗಲಕೋಟೆ

ಉತ್ತರ: ಒಂದು ಸಲದ ಬ್ಲಾಕ್ ಸಾಮಾನ್ಯವಾಗಿ ಅರ್ಧ ದಿನದಷ್ಟು ಹಿಡಿಯುತ್ತದೆ. ಮಧ್ಯಾಹ್ನ ಕೊಟ್ಟದ್ದು ನಡುರಾತ್ರಿ ಬಿಡುತ್ತದೆ, ನಿಮ್ಮ ತಮ್ಮನಿಗೆ ಆದದ್ದು ಅದೇ. ಬಿಡುವ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಇರಬೇಕು, ನೋವು ಬಂದ ಮೇಲೆ ಹುಡುಕುವುದಲ್ಲ. ಬರೆದುಕೊಟ್ಟ ಪ್ಯಾರಾಸಿಟಮಾಲ್ ಅನ್ನು ಮೊದಲ ಎರಡು ದಿನ ನೋವಿದ್ದರೂ ಇಲ್ಲದಿದ್ದರೂ ಗಡಿಯಾರ ನೋಡಿ ನುಂಗಲಿ, ಆದರೆ ಬರೆದದ್ದಕ್ಕಿಂತ ಜಾಸ್ತಿ ಬೇಡ. ಏಳುವಾಗ ಅಂಗಾತದಿಂದ ಸೀದಾ ಏಳದೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ ಏಳಲಿ. ಕೆಮ್ಮು ಬಂದರೆ ಹೊಟ್ಟೆಗೆ ಒಂದು ದಿಂಬು ಒತ್ತಿ ಹಿಡಿದುಕೊಳ್ಳಲಿ. ದಿನ ಕಳೆದಂತೆ ನೋವು ಇಳಿಯಬೇಕು. ಏರುತ್ತಾ ಹೋದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ಸರ್ಜನ್‌ಗೆ ತೋರಿಸಿ.