ಜೇನ್ ಬೋಲಿನ್: ನಿಲುವಂಗಿ ಹಾಕದ ಜಡ್ಜ್

ಅಮೆರಿಕದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳಾ ಜಡ್ಜ್ ಜೇನ್ ಬೋಲಿನ್, 'ಮೊದಲಿಗರು' ಅನ್ನೋದು ಬಿಟ್ಟರೆ ಬೇರೇನು ಮಾಡಿದರು ಅಂತ ಕೇಳಿದ್ದೀರಿ. ತುಂಬಾನೇ ಮಾಡಿದ್ದಾರೆ.

1939ರ ಜುಲೈ 22. ನ್ಯೂಯಾರ್ಕಿನ ವಿಶ್ವ ಮೇಳಕ್ಕೆ ಬನ್ನಿ ಅಂತ ಮೇಯರ್ ಲಾಗಾರ್ಡಿಯಾ ಕರೆಸಿದರು. ಯಾಕೆ ಅಂತ ಹೇಳಿರಲಿಲ್ಲ. ಏನು ತಪ್ಪಾಯ್ತೋ ಅನ್ನೋ ಅಳುಕಿನಲ್ಲೇ ಹೋದರು. ನೋಡಿದರೆ, ಅಲ್ಲೇ ಪ್ರಮಾಣವಚನ! ಆಗ ಅವರಿಗೆ 31 ವರ್ಷ.

ಕೌಟುಂಬಿಕ ನ್ಯಾಯಾಲಯದ ಕೆಲಸ. ಎದುರಿಗೆ ಬಂದು ನಿಲ್ಲುವ ಮಕ್ಕಳು ಹೆದರಬಾರದು ಅಂತ ಕಪ್ಪು ನಿಲುವಂಗಿ ಹಾಕದೆ ಮಾಮೂಲಿ ಬಟ್ಟೆಯಲ್ಲೇ ಕೂರುತ್ತಿದ್ದರು. ನನಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ತಟ್ಟಿದ್ದು ಇದೇ. ಆಗ ಪ್ರೊಬೇಷನ್ ಅಧಿಕಾರಿಗಳನ್ನೂ (ತಪ್ಪು ಮಾಡಿದವರನ್ನು ಜೈಲಿಗೆ ಕಳಿಸದೆ ಹೊರಗೇ ಬಿಟ್ಟಾಗ ಅವರ ಮೇಲೆ ನಿಗಾ ಇಡುವವರು) ಚರ್ಮದ ಬಣ್ಣ ನೋಡಿ ಹಂಚುತ್ತಿದ್ದರು. ಅದನ್ನು ಬೋಲಿನ್ ನಿಲ್ಲಿಸಿದರು. ಸರ್ಕಾರದ ದುಡ್ಡು ಪಡೆಯುವ ಮಕ್ಕಳ ಪಾಲನಾ ಸಂಸ್ಥೆಗಳು ಬಣ್ಣ ನೋಡದೆ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳಬೇಕು ಅನ್ನೋ ನಿಯಮಕ್ಕೂ ಅವರೇ ಕಾರಣ.

ಇವರಿಗೆ ಕಾನೂನು ಓದೋದು ಬೇಡ ಅಂತ ಕಾಲೇಜಿನಲ್ಲೇ ಹೇಳಿದ್ದರಂತೆ. ಆದರೂ 1931ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು, ಅಲ್ಲೂ ಮೊದಲ ಕಪ್ಪು ಮಹಿಳೆ ಇವರೇ.

40 ವರ್ಷ ಜಡ್ಜ್ ಆಗಿದ್ದರು. ವಯಸ್ಸಿನ ಮಿತಿ ಬಂತು ಅಂತ ನಿವೃತ್ತಿ, ಇಷ್ಟವಿದ್ದು ಅಲ್ಲ. ಆಮೇಲೂ ಸುಮ್ನೆ ಕೂರಲಿಲ್ಲ. ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಿಗೆ ಹೋಗಿ, ಸಂಬಳವಿಲ್ಲದೆ ಮಕ್ಕಳಿಗೆ ಓದೋದು ಕಲಿಸಿದರು. 2007ರಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ.