ಬೇಕಲ ಕೋಟೆಯ ಲೇಖನ: ಲೇಖಕರಿಗೆ ಉತ್ತರ

ಪ್ರಿಯ ಲೇಖಕರೇ,

ಕನ್ನಡ ವಿಕಿಪೀಡಿಯಕ್ಕೆ ಸೇರಿಸುವ ಮೊದಲು ಒಮ್ಮೆ ನೋಡಿಕೊಡಿ ಎಂದು ನೀವು ಕಳುಹಿಸಿದ ಬೇಕಲ ಕೋಟೆಯ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಬೇಡಿ. ನಿಮ್ಮ ಭಾಷೆ ಚೆನ್ನಾಗಿದೆ; ಆದರೆ ಬರೆದದ್ದು ನಿಜವೇ ಎಂದು ಓದುಗರೊಬ್ಬರು ನೋಡಹೊರಟರೆ ಅವರಿಗೆ ನೀವು ಯಾವ ದಾರಿಯನ್ನೂ ಉಳಿಸಿಲ್ಲ.

ಮೊದಲ ವಾಕ್ಯವನ್ನೇ ತೆಗೆದುಕೊಳ್ಳೋಣ: “ಕಾಸರಗೋಡಿನ ಹೆಮ್ಮೆಯ ಕಿರೀಟವಾದ ಬೇಕಲ ಕೋಟೆಯನ್ನು ವೀರ ಶಿವಪ್ಪ ನಾಯಕನು 1650ರಲ್ಲಿ ಅದ್ಭುತವಾಗಿ ಕಟ್ಟಿಸಿದನು.” ಹೆಮ್ಮೆ, ಕಿರೀಟ, ವೀರ, ಅದ್ಭುತ, ಈ ನಾಲ್ಕನ್ನೂ ಅಳಿಸಿದರೆ ಉಳಿಯುವುದು ಒಂದು ಹೆಸರು, ಒಂದು ಇಸವಿ. ಆ ಇಸವಿಗೂ ಉಲ್ಲೇಖವಿಲ್ಲ. ನಾನಾದರೆ ಹೀಗೆ ಬರೆಯುತ್ತಿದ್ದೆ: “ಬೇಕಲ ಕೋಟೆಯು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಅರಬ್ಬೀ ಸಮುದ್ರದ ದಂಡೆಯಲ್ಲಿರುವ ಮುರಕಲ್ಲಿನ ಕೋಟೆ. ಕೆಳದಿಯ ಶಿವಪ್ಪ ನಾಯಕನು 17ನೆಯ ಶತಮಾನದ ನಡುಭಾಗದಲ್ಲಿ ಇದನ್ನು ಕಟ್ಟಿಸಿದನೆಂಬುದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಅದಕ್ಕೂ ಮೊದಲೇ ಉತ್ತರ ಕೇರಳವನ್ನಾಳಿದ ಕೋಲತ್ತಿರಿ ಅರಸರ ಕಾಲದಲ್ಲಿ ಇಲ್ಲೊಂದು ಕೋಟೆ ಇತ್ತೆನ್ನುವವರೂ ಇದ್ದಾರೆ.” ಎರಡು ಅಭಿಪ್ರಾಯಗಳಿಗೂ ಬೇರೆ ಬೇರೆ ಪುಸ್ತಕಗಳ ಉಲ್ಲೇಖವನ್ನು ಪುಟಸಂಖ್ಯೆಯ ಸಮೇತ ಕೊಡಬೇಕು. ಪುಟಸಂಖ್ಯೆಯಿಲ್ಲದ ಉಲ್ಲೇಖವನ್ನು ಹಿಡಿದುಕೊಂಡು ಮುನ್ನೂರು ಪುಟಗಳ ಗ್ರಂಥದಲ್ಲಿ ಒಂದು ಸಾಲನ್ನು ಹುಡುಕಲು ಯಾರಿಗೂ ಆಗದು.

“ಟಿಪ್ಪುವಿನ ಕಾಲದ ಕಾಸರಗೋಡು ಜಿಲ್ಲೆ” ಎಂದು ಬರೆದಿದ್ದೀರಿ. ಈ ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಆ ಸೇರ್ಪಡೆಯನ್ನು ನೀವು “ಘೋರ ಅನ್ಯಾಯ” ಎಂದು ಕರೆದಿದ್ದೀರಿ. ನಾನೂ ಇದೇ ನೆಲದವನು, ನಮ್ಮ ಮನೆಯಲ್ಲಿಯೂ ಆ ನೋವಿನ ಮಾತು ಕೇಳಿಯೇ ಬೆಳೆದವನು. ಆದರೂ ವಿಶ್ವಕೋಶದ ದನಿಯಲ್ಲಿ ಆ ಮಾತು ಬರಕೂಡದು. ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ್ದ ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ ಎಂದಷ್ಟೇ ಬರೆದರೆ ಓದುಗರಿಗೆ ತಾವೇ ಯೋಚಿಸಲು ಬೇಕಾದದ್ದು ಸಿಗುತ್ತದೆ. ಅದಕ್ಕೂ ಜಾಗ ಕಾಸರಗೋಡಿನ ಲೇಖನದಲ್ಲಿ, ಇಲ್ಲಲ್ಲ. ಬೇಕಲವಿರುವುದು ಚಂದ್ರಗಿರಿಯ ದಕ್ಷಿಣಕ್ಕೆ.

ನಡುವಿನ ಮೂರು ಪ್ಯಾರಾಗಳು ಮಲಯಾಳದಿಂದ ಯಂತ್ರಾನುವಾದವಾಗಿ ಬಂದಿವೆ ಎಂಬುದು “ಮಂಜೇಶ್ವರಂ” ಎಂಬ ಒಂದೇ ಪದದಿಂದ ತಿಳಿಯಿತು. ನಮಗದು ಮಂಜೇಶ್ವರ. ಮಲಯಾಳ ವಿಕಿಪೀಡಿಯದಿಂದ ಅನುವಾದಿಸಬಾರದೆಂದಲ್ಲ. ಮೂಲ ಯಾವುದೆಂದು ಸಂಪಾದನೆಯ ಸಾರಾಂಶದಲ್ಲಿ (ಪುಟವನ್ನು ಉಳಿಸುವಾಗ ಬರೆಯುವ ಚಿಕ್ಕ ಟಿಪ್ಪಣಿಯಲ್ಲಿ) ತಿಳಿಸಬೇಕು, ಪ್ರತಿ ವಾಕ್ಯವನ್ನೂ ಕನ್ನಡದ ಕಿವಿಗೆ ಒಪ್ಪುವಂತೆ ಮತ್ತೆ ಕಟ್ಟಬೇಕು. ಪ್ರವಾಸೋದ್ಯಮದ ಜಾಲತಾಣದಿಂದ ಹಾಗೆಯೇ ಎತ್ತಿಕೊಂಡ ಪ್ಯಾರಾವನ್ನು ಮಾತ್ರ ಇಂದೇ ತೆಗೆದುಹಾಕಿ. ಅದು ಕೃತಿಸ್ವಾಮ್ಯದ ಉಲ್ಲಂಘನೆ.

ಕೋಟೆಯಿಂದ ಕಡಲಿಗೆ ಹೋಗುವ ಗುಪ್ತದಾರಿಯ ಬಗ್ಗೆ ನಿಮ್ಮ ಅಜ್ಜ ಹೇಳಿದ ಕಥೆ ಇಡೀ ಲೇಖನದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಅದನ್ನೂ ತೆಗೆಯಲೇಬೇಕೆಂದು ಹೇಳುವುದು ನನಗೆ ಕಷ್ಟವಾಗುತ್ತಿದೆ. ಬೇರೆಲ್ಲೂ ಅಚ್ಚಾಗದ ಮಾತಿಗೆ ವಿಕಿಪೀಡಿಯದಲ್ಲಿ ಜಾಗವಿಲ್ಲ. ಆದರೆ ಅಜ್ಜ ಇರುವಾಗಲೇ ಅವರ ಮಾತನ್ನು ಅವರ ನುಡಿಯಲ್ಲಿಯೇ ಧ್ವನಿಮುದ್ರಿಸಿಕೊಂಡು, ಯಾರಿಂದ, ಯಾವಾಗ ಕೇಳಿದರೆಂಬುದನ್ನೂ ಬರೆದುಕೊಂಡು, ಒಂದು ಪತ್ರಿಕೆಗೆ ಲೇಖನವಾಗಿ ಕಳುಹಿಸಿ. ವೀಕ್ಷಣಾ ಗೋಪುರದ ಚಿತ್ರಗಳನ್ನು ನೀವೇ ತೆಗೆದಿದ್ದೀರಲ್ಲ, ಅವುಗಳನ್ನು ವಿಕಿಪೀಡಿಯದ ಚಿತ್ರಗಳ ಮುಕ್ತ ಭಂಡಾರವಾದ ಕಾಮನ್ಸ್‌ಗೆ ಈಗಲೇ ಸೇರಿಸಬಹುದು.

ಸದ್ಯಕ್ಕೆ ಲೇಖನವನ್ನು ವಿಕಿಪೀಡಿಯದಲ್ಲಿ ಕರಡು ಬರೆಯಲು ನಿಮಗಿರುವ ಪ್ರಯೋಗಪುಟದಲ್ಲಿಟ್ಟು, ಪೀಠಿಕೆಯೊಂದನ್ನೇ ಉಲ್ಲೇಖಗಳೊಂದಿಗೆ ತಿದ್ದಿ ತಿಳಿಸಿ. ಉಳಿದ ಭಾಗಗಳನ್ನು ಒಂದೊಂದಾಗಿ ಜೊತೆಯಲ್ಲಿ ನೋಡೋಣ.